ಇಟ್ಟಿಗಿಗೆ ಹೋದ ಬಾಟಲಿ

ಆಗಸ್ಟ್ 12, ಮಂಗಳವಾರ

ಬಾಟಲಿ ಇಟ್ಟಿಗಿ ಊರು ತಲುಪಿದೆ. ಅಂಜಿನಕ್ಕನ ಫೋನು ಸ್ವಿಚ್ ಆಫ್.

ಬೆಳಿಗ್ಗೆ ಅವರೇ ನಾನು ಕೆಲಸ ಮಾಡುವ ಬೀಜ-ಔಷಧದ ಅಂಗಡಿಗೆ ಫೋನ್ ಮಾಡಿದ್ದರು. “ಉಳ್ಳಾಗಡ್ಡಿ ತುದಿ ಸುಡಾಕ ಹತ್ತೈತವ್ವ, ಔಷಧ ಬಸ್ಸಿಗೆ ಹಾಕು. ನಾಳಿ ನಸಿಕಿನ್ಯಾಗ ಹೊಡಿತೀನಿ.” ವಿಳಾಸ ಮತ್ತೆ ಟೈಪ್ ಮಾಡುವ ಬೇಸರಕ್ಕೆ ಕಂಪ್ಯೂಟರಿನಲ್ಲಿ ಅವರ ಹೋದ ವರ್ಷದ ಆರ್ಡರ್ ಚೀಟಿಯನ್ನೇ ನಕಲು ಮಾಡಿದೆ. ತಾರೀಖು ಬದಲಿಸಿದೆ. ಔಷಧದ ಹೆಸರು ಹಾಗೇ ಉಳಿಯಿತು. ಹೋದ ವರ್ಷ ಆ ಹೊಲದಲ್ಲಿ ಮೆಕ್ಕೆಜೋಳವಿತ್ತು. ಈಗ ಹೋಗಿರುವುದು ಅದರ ಕಳೆನಾಶಕ. ಈರುಳ್ಳಿಗೆ ಬಿದ್ದರೆ ಎರಡೆಕರೆಯೂ ಸುಟ್ಟುಹೋಗುತ್ತದೆ. ಅಂಜಿನಕ್ಕನಿಗೆ ಬಾಟಲಿಯ ಮೇಲಿನದು ಓದಲು ಬರುವುದಿಲ್ಲ.

ಸಂಜೆ ಲೆಕ್ಕ ನೋಡುವಾಗ ತಪ್ಪು ಕಣ್ಣಿಗೆ ಬಿತ್ತು; ಯಾವ ಬಾಟಲಿ ಕಳಿಸಿದೆ ಎಂದು ಗೋದಾಮಿನ ಪಾಲಣ್ಣನನ್ನು ಕೇಳಿದೆ. “ಚೀಟಿಯಾಗ ಇದ್ದದ್ದ ಕೊಟ್ಟೀನ್ರಿ ಗಂಗಕ್ಕ. ನಿಮ್ಮ ಚೀಟಿಯಾಗ ತಪ್ಪು ಹುಡುಕಿದೋರಿಗೆ ಸಾವ್ಕಾರ್ರು ಮಿರ್ಚಿ ಭಜಿ ಕೊಡಸ್ತಾರಂತ,” ಎಂದು ನಕ್ಕ.

ಆಗಲೇ ಅಂಗಡಿಯ ಸಾಹುಕಾರ ಗುರುಸಂಗಪ್ಪನವರಿಗೆ ಹೇಳಬೇಕಿತ್ತು. ಅವರಿಗೆ ಇಟ್ಟಿಗಿಯಲ್ಲಿ ನಂಟರಿದ್ದಾರೆ, ಅಂಜಿನಕ್ಕನ ಮನೆಗೆ ಸುದ್ದಿ ಮುಟ್ಟಿಸಬಲ್ಲರು. ತಪ್ಪೇ ಮಾಡದವಳೆಂಬ ಹೆಸರು ಉಳಿಯಲಿ ಎಂದು ಮನೆಗೆ ಬಂದುಬಿಟ್ಟೆ.

ಓದುತ್ತಿದ್ದ ರಷ್ಯನ್ ಕಾದಂಬರಿಯ ಅನುವಾದ ತೆರೆದೆ. ಒಂದೇ ಸಾಲನ್ನು ಆರು ಸಲ ಓದಿದೆ. ಮೊದಲ ಬಸ್ಸಿಗೆ ನಾನೇ ಹೋಗುತ್ತೇನೆ ಎಂದು ಸಮಾಧಾನ ಮಾಡಿಕೊಂಡಿದ್ದೆ. ಅದು ಇಟ್ಟಿಗಿ ಮುಟ್ಟುವುದು ಏಳೂವರೆಗೆ. ಅಂಜಿನಕ್ಕ ಐದೂವರೆಗೇ ಸಿಂಪಡಿಸುವ ಡಬ್ಬಿ ಬೆನ್ನಿಗೇರಿಸುತ್ತಾರೆ.

ಹನ್ನೊಂದು ಗಂಟೆ. ಗುರುಸಂಗಪ್ಪನವರ ನಂಬರ್ ಒತ್ತಿದ್ದೇನೆ, ರಿಂಗ್ ಆಗುತ್ತಿದೆ. ಮೊದಲ ಮಾತನ್ನು ಬರೆದಿಟ್ಟುಕೊಂಡರೆ ತೊದಲಲಾರೆ: ತಪ್ಪು ನಂದರಿ ಸಾವ್ಕಾರ್ರ, ಪಾಲಣ್ಣಂದಲ್ಲ, ನಾನು