ಬೋರಮ್ಮನ ಮರದ ಸುಳಿ

ನೊಣವಿನಕೆರೆ
ಭಾನುವಾರ, ೯ ನವೆಂಬರ್ ೨೦೨೫

ಪ್ರೀತಿಯ ಮಧುಶ್ರೀಗೆ ನಿನ್ನ ಅಜ್ಜಿಯ ಆಶೀರ್ವಾದಗಳು.

ಹೇಗಿದ್ದೀಯ ಮಗಳೇ? ಊಟ ಸರಿಯಾಗಿ ಮಾಡುತ್ತಿದ್ದೀಯಾ? ಗುರುವಾರ ಫೋನಿನಲ್ಲಿ ನೆಗಡಿ ಎಂದೆ. ಅದು ನೆಗಡಿಯ ದನಿಯಲ್ಲ, ಅತ್ತ ದನಿ. ಐವತ್ತು ವರ್ಷ ಅಟ್ಟದ ಮೇಲೆ ಕೂತು ಒಂದೊಂದೇ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳಿದವಳು ನಾನು. ನನ್ನ ಕಿವಿಗೆ ಸುಳ್ಳು ಹೇಳುವುದು ಕಷ್ಟ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಚಿಕ್ಕಮ್ಮ ಜೀವಿತಾ ನಿನಗೆಂದು ಚಕ್ಕುಲಿ ಕರಿದಿದ್ದಾಳೆ. ಚಿಕ್ಕಪ್ಪ ಯೋಗೀಶ ನಾಳೆ ಮೈಸೂರಿಗೆ ನಿನ್ನನ್ನು ನೋಡಲೆಂದೇ ಬರುತ್ತಾನೆ, ಈ ಕಾಗದವನ್ನು ಅವನ ಕೈಯಲ್ಲೇ ಕೊಡುತ್ತೇನೆ. ಫೋನಿನಲ್ಲಿ ಹೇಳೋಣವೆಂದು ಎರಡು ಸಲ ಮಾಡಿ ಎರಡು ಸಲವೂ ಕಟ್ ಮಾಡಿದೆ.

ನೀನು ಹೇಳಿದ್ದು ನನಗೆ ಅರ್ಥವಾದದ್ದು ಇಷ್ಟು. ನುಸಿ ಬಂದು ಸುತ್ತಮುತ್ತ ಎಲ್ಲರ ತೋಟದ ಕಾಯಿ ಸುಕ್ಕುಗಟ್ಟಿದರೂ ನಮ್ಮ ಅತ್ತೆ ಬೋರಮ್ಮ ನೆಟ್ಟ ಆ ಒಂದು ಮರಕ್ಕೆ ಏನೂ ಆಗಲಿಲ್ಲ. ಯಾಕೆ ಎಂದು ಕಂಡುಹಿಡಿಯಲು ನೀನು ಮೂರು ವರ್ಷದಿಂದ ಓದುತ್ತಿದ್ದೀಯ. ಏಪ್ರಿಲ್‌ನಲ್ಲಿ ಬಂದು ಆ ಮರದ ಸುಳಿಯ ಎಲೆಯನ್ನೂ, ಅದರ ಕಾಯಿಯಿಂದ ಬೆಳೆಸಿದ ಹನ್ನೊಂದು ಸಸಿಗಳ ಎಲೆಯನ್ನೂ ಐಸ್ ಡಬ್ಬಿಯಲ್ಲಿ ತೆಗೆದುಕೊಂಡು ಹೋದೆ. ಈಗ ನೋಡಿದರೆ ಸಸಿಗಳೆಲ್ಲ ಒಂದೇ ತಾಯಿಯ ಮಕ್ಕಳು, ಆದರೆ ನೀನು ತಾಯಿ ಎಂದು ಬರೆದ ಎಲೆ ಅವುಗಳ ತಾಯಿಯದಲ್ಲ ಎಂದು ಬಂದಿದೆ. ನಿಮ್ಮ ರಾಧಾಮಣಿ ಮೇಡಂ ಅದಕ್ಕೆ ನಿನ್ನ ಅಜಾಗರೂಕತೆಯೇ ಕಾರಣ ಎನ್ನುತ್ತಾರೆ. ಬರುವ ಶುಕ್ರವಾರದೊಳಗೆ ತಪ್ಪು ಒಪ್ಪಿ ಬರೆದುಕೊಡಬೇಕು, ಆಮೇಲೆ ಈ ಕೆಲಸ ಬೇರೆಯವರ ಪಾಲು.

ನನಗೆ ಮೊದಲು ಅನುಮಾನ ಬಂದಿರುವುದು ಆ ಯಂತ್ರದ ಮೇಲೆ. ನೀನು ವಿಡಿಯೋದಲ್ಲಿ ತೋರಿಸಿದ್ದೆಯಲ್ಲ, ಅಕ್ಕಿ ಡಬ್ಬದಷ್ಟು ಗಾತ್ರದ್ದು, ಮುಚ್ಚಳ ಇರುವುದು. ಎಲೆಯಿಂದ ತೆಗೆದ ಡಿಎನ್‌ಎ ಎಳೆಗಳನ್ನು ಓದಿಸುವ ಮುಂಚೆ ಅದರಲ್ಲಿ ಬಿಡುತ್ತೀರಿ. ಕರೆಂಟು ಕೊಟ್ಟರೆ ಲೋಳೆಯಂಥ ಪದರದೊಳಗೆ ಎಳೆಗಳು ಓಡುತ್ತವೆ, ಗಿಡ್ಡದ್ದು ಮುಂದೆ, ಉದ್ದದ್ದು ಹಿಂದೆ. ಬೇಕಾದ ಅಳತೆಯದು ಬಂದ ಕ್ಷಣಕ್ಕೆ ಯಂತ್ರ ತಾನೇ ದಾರಿ ತಿರುಗಿಸಿ ಒಂದು ಗುಳಿಯೊಳಗೆ ಇಳಿಸಿಕೊಳ್ಳುತ್ತದೆ, ಉಳಿದದ್ದು ಚೆಲ್ಲಿಹೋಗುತ್ತದೆ. ನೀನು ಖುಷಿಯಿಂದ ಹೇಳಿದೆ, ಕೈ ಹಾಕುವ ಹಾಗೇ ಇಲ್ಲ ಅಜ್ಜಿ, ಎಲ್ಲ ಅದೇ ಮಾಡುತ್ತದೆ ಎಂದು. ನನಗೆ ಆಗಲೇ ಸರಿಬರಲಿಲ್ಲ. ಗಾತ್ರ ನೋಡಿ ಆರಿಸುವ ಕೆಲಸ ನನಗೂ ಗೊತ್ತು. ಕೊಬ್ಬರಿ ಆರಿಸಲು ಬಂದ ಯಾರನ್ನೂ ನಾನು ಅಟ್ಟದ ಮೇಲೆ ಒಬ್ಬರನ್ನೇ ಬಿಟ್ಟವಳಲ್ಲ. ಈ ಯಂತ್ರ ಮುಚ್ಚಳ ಹಾಕಿಕೊಂಡು ಯಾವುದನ್ನು ಇಟ್ಟುಕೊಂಡಿತು, ಯಾವುದನ್ನು ಚೆಲ್ಲಿತು, ಯಾರು ನೋಡಿದವರು? ಅದರೊಳಗೆ ಐದು ಕಾಲುವೆ ಪಕ್ಕಪಕ್ಕದಲ್ಲಿವೆ ಎಂದು ನೀನೇ ಹೇಳಿದೆ. ನಮ್ಮ ತೋಟದ ಕಾಲುವೆಗೆ ಎಷ್ಟು ಮಣ್ಣು ಕಟ್ಟಿದರೂ ನೀರು ಪಕ್ಕದ ಪಾತಿಗೆ ನುಗ್ಗುತ್ತದೆ. ಅಲ್ಲಿ ನುಗ್ಗುವುದಿಲ್ಲ ಎನ್ನುವುದಕ್ಕೆ ಏನು ಗ್ಯಾರಂಟಿ?

ಯಂತ್ರ ಮಾರಿದವರ ಕಡೆಯವನು ಬಂದು ಪರೀಕ್ಷೆ ಮಾಡಿ ಎಲ್ಲ ಸರಿಯಾಗಿದೆ ಎಂದನಂತೆ. ಅವನು ಇನ್ನೇನು ಹೇಳುತ್ತಾನೆ? ತಾನು ಮಾರಿದ ಎತ್ತು ಕುಂಟು ಎಂದು ಹೇಳಿದವನನ್ನು ನಾನು ಈ ಸೀಮೆಯಲ್ಲಿ ಕಂಡಿಲ್ಲ. ಇನ್ನು ನಿನ್ನ ಜೊತೆ ಕೆಲಸ ಮಾಡುವ ಭಾನುಪ್ರಿಯಾ. ನಳಿಗೆಗಳ ಮೇಲೆ ಚೀಟಿ ಅಂಟಿಸುವವಳು ಅವಳೇ ತಾನೆ? ನಿನ್ನ ಟಿಫನ್ ಡಬ್ಬಿಯ ಮುಚ್ಚಳ ಬದಲಾಯಿಸಿಕೊಂಡು ಹೋಗಿ ಆರು ತಿಂಗಳು ವಾಪಸ್ಸು ಕೊಡದವಳೂ ಅವಳೇ. ಮುಚ್ಚಳ ಬದಲಾಯಿಸಿದವಳು ಚೀಟಿ ಬದಲಾಯಿಸುವುದಿಲ್ಲವೇ? ನಗಬೇಡ. ನಿನ್ನ ತಾತ ಇದ್ದಾಗ ಅವರೂ ಹೀಗೇ ನಗುತ್ತಿದ್ದರು. "ನೀನು ನಿನ್ನ ನೆರಳನ್ನೇ ತಿರುಗಿ ತಿರುಗಿ ನೋಡೋಳು ಕಣೇ" ಎನ್ನುತ್ತಿದ್ದರು. ಹಾಗೆ ನೋಡಿದ್ದಕ್ಕೇ ಈ ತೋಟ ಉಳಿದಿದೆ ಎಂದು ನಾನು ಹೇಳುತ್ತಿದ್ದೆ.

ನಮ್ಮ ಕಡೆಯದೂ ಒಂದು ಅನುಮಾನ ಇದೆ, ಅದನ್ನೂ ಬರೆದುಬಿಡುತ್ತೇನೆ. ಮರ ಹತ್ತಿದವನು ನಮ್ಮ ಕಾಯಿ ಇಳಿಸುವ ಶಿವಣ್ಣ. ನೀನು ಮರಕ್ಕೆ ಕೆಂಪು ರಿಬ್ಬನ್ ಕಟ್ಟಿ ಗುರುತು ಮಾಡಿದ್ದೆ ನಿಜ. ಆದರೆ ನಾನೇ ಬಲವಂತ ಮಾಡಿ ನಿನ್ನನ್ನು ಮಠಕ್ಕೆ ಕಳಿಸಿದ್ದೆ, ನೀನು ಹಣ್ಣುಕಾಯಿ ಮಾಡಿಸಿಕೊಂಡು ಬರುವಷ್ಟರಲ್ಲಿ ಸುಳಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಸಿದ್ಧವಾಗಿತ್ತು. ಶಿವಣ್ಣನಿಗೆ ಈಗ ಅರವತ್ತು ದಾಟಿದೆ, ಕಣ್ಣು ಮೊದಲಿನಂತಿಲ್ಲ. ಅವನು ಯಾವ ಮರ ಹತ್ತಿದನೋ, ಯಾರಿಗೆ ಗೊತ್ತು? ನಿಮ್ಮ ಮೇಡಂ ಕೇಳಿದರೆ ಹೀಗೂ ಆಗಿರಬಹುದು ಎಂದು ಹೇಳಿ ನೋಡು. ಹಳ್ಳಿಯವನ ತಪ್ಪು ಎಂದರೆ ಅವರಿಗೂ ಬಿಟ್ಟುಬಿಡಲು ಸುಲಭ.

ಧೈರ್ಯವಾಗಿರು. ಎಣ್ಣೆ ಹಚ್ಚಿಕೊಂಡು ತಲೆಗೆ ನೀರು ಹಾಕಿಕೋ. ತಪ್ಪು ಮಾಡದೆ ತಪ್ಪೊಪ್ಪಿಗೆ ಮಾತ್ರ ಬರೆಯಬೇಡ. ಚಿಕ್ಕಮ್ಮ ಕೇಳಿದ್ದಾಳೆಂದು ತಿಳಿಸಲು ಹೇಳಿದಳು. ಶಿವ ನಿನ್ನ ಬೆನ್ನಿಗಿರಲಿ.

ನಿನ್ನ ಅಜ್ಜಿ
ಸರ್ವಮಂಗಳ

ಮರೆತ ಮಾತು: ಸೋಮವಾರ ಬೆಳಿಗ್ಗೆ. ಯೋಗೀಶ ಬೈಕ್ ಸ್ಟಾರ್ಟ್ ಮಾಡಿಕೊಂಡು ರೈಲು ಹೋಯ್ತದೆ ಎಂದು ಕೂಗುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮರೆತ ಮಾತು ಎಂದು ಹಾಕಿದ್ದೂ ಸುಳ್ಳು, ಮರೆತಿರಲಿಲ್ಲ. ಹೊತ್ತಾರೆ ಶಿವಣ್ಣ ಕಾಯಿ ಇಳಿಸಲು ಬಂದವನು ಕೇಳಿದ, "ಮಗು ಹೆಂಗೈತೆ ಅವ್ವಾರೆ? ಓದೆಲ್ಲ ಚೆನ್ನಾಗಿ ನಡೀತಾ ಐತಾ?" ಅವನ ಹೆಸರು ಬರೆದ ಕೈಯಲ್ಲಿ ಅವನಿಗೆ ಕಾಫಿ ಕೊಡಲು ನನಗೆ ಆಗಲಿಲ್ಲ. ಯಂತ್ರದ ತಪ್ಪಿಲ್ಲ ಮಧು. ಭಾನುಪ್ರಿಯಾಳ ತಪ್ಪಿಲ್ಲ, ಶಿವಣ್ಣನದಿಲ್ಲ, ನಿನ್ನದಂತೂ ಅಲ್ಲವೇ ಅಲ್ಲ. ಏಪ್ರಿಲ್‌ನಲ್ಲಿ ನಾನು ಕೊಟ್ಟದ್ದು ಬೋರಮ್ಮನ ಮರದ ಸುಳಿಯಲ್ಲ. ಬಾವಿ ಪಕ್ಕದ ಗೊಡ್ಡು ಮರದ್ದು. ಸುಳಿಗೆ ಕತ್ತಿ ಬಿದ್ದ ಮರ ಉಳಿಯುವುದಿಲ್ಲ ಎಂದೇ ನಾವು ಬೆಳೆದವರು. "ಕಾಯಿ ಎಷ್ಟಾದ್ರೂ ಕಿತ್ಕೋ, ಸುಳಿ ಮುಟ್ಬ್ಯಾಡ ಕಣೇ" ಎಂದು ಅತ್ತೆ ಸಾಯುವಾಗಲೂ ಹೇಳಿದ್ದರು. ತುದಿಯಲ್ಲಿ ಒಂದು ಗೇಣು ಸಾಕು, ಮರಕ್ಕೆ ಏನೂ ಆಗಲ್ಲ ಎಂದು ನೀನು ಹೇಳಿದ್ದೆ, ನಾನು ನಂಬಲಿಲ್ಲ. ಶಿವಣ್ಣ ಆಗಲೇ ಎಂದ, "ಮಗೀಗೆ ಮೋಸ ಆಗಲ್ವಾ ಅವ್ವಾರೆ?" ಎಲೆ ಎಲ್ಲಾ ಒಂದೇ ಕಣಪ್ಪ, ಯಂತ್ರಕ್ಕೇನು ಗೊತ್ತಾಯ್ತದೆ, ಬಾಯಿ ಮುಚ್ಕೊಂಡು ಹತ್ತು ಎಂದವಳು ನಾನು.

ಈಗ ಅವನನ್ನೇ ಬೋರಮ್ಮನ ಮರಕ್ಕೆ ಹತ್ತಿಸಿದೆ. ಕೊಯ್ಯುವವರೆಗೂ ಬುಡ ಹಿಡಿದುಕೊಂಡು ನಿಂತಿದ್ದೆ. ಯೋಗೀಶ ಮೊಬೈಲಿನಲ್ಲಿ ಎಲ್ಲ ಹಿಡಿದಿದ್ದಾನೆ, ರಿಬ್ಬನ್ ಕೂಡ ಕಾಣುತ್ತದೆ. ನೀನು ಬಿಟ್ಟುಹೋದ ಇನ್ನೊಂದು ಡಬ್ಬಿಯಲ್ಲೇ ಐಸು ತುಂಬಿ ಇಟ್ಟಿದ್ದೇನೆ. ಎಲೆ ಬಿಸಿಯಾದರೆ ಎಳೆ ತುಂಡಾಗುತ್ತದೆ, ತುಂಡಾದದ್ದನ್ನು ಯಂತ್ರ ಚೆಲ್ಲುತ್ತದೆ ಎಂದಿದ್ದೆಯಲ್ಲ, ದಾರಿಯಲ್ಲಿ ಮುಚ್ಚಳ ತೆಗೆಯಬೇಡ ಎಂದು ಅವನಿಗೆ ಆಣೆ ಹಾಕಿಸಿದ್ದೇನೆ. ಮರಕ್ಕೆ ಏನಾದರೂ ಆದರೆ ಅದು ನನಗೂ ನಮ್ಮ ಅತ್ತೆಗೂ ಬಿಟ್ಟದ್ದು.

ನಿನ್ನೆ ಬರೆದದ್ದನ್ನು ಹರಿದು ಹಾಕಬೇಕೆಂದಿದ್ದೆ. ಇರಲಿ, ನಿನ್ನ ಅಜ್ಜಿ ಎಷ್ಟು ದೂರ ಹೋಗಬಲ್ಲಳು ಎಂದು ನಿನಗೂ ಗೊತ್ತಿರಲಿ. ಮೇಡಂಗೆ ಈ ಕೊನೆಯ ಹಾಳೆ ಮಾತ್ರ ಕೊಡು, ಕೆಳಗೆ ಇನ್ನೊಂದು ಸಹಿ ಹಾಕಿದ್ದೇನೆ. ಸುಳಿ ಯಾರು ಕೊಟ್ಟರು ಎಂದು ಅವರು ಕೇಳಿದಾಗ ನೀನು "ನಮ್ಮಜ್ಜಿ ಮೇಲೆ ಮಾತ್ರ ಅನುಮಾನ ಪಡಬೇಡಿ ಮೇಡಂ" ಎಂದೆ ಎಂದು ಗುರುವಾರ ಹೇಳಿದೆಯಲ್ಲ. ಮೊದಲು ಹೋಗಿ ಆ ಮಾತು ವಾಪಸ್ಸು ತೆಗೆದುಕೋ.

ಸರ್ವಮಂಗಳ