ಯಜಮಾನಪ್ಪ ಯಾರು?

ನ್ಯಾಮತಿ
ಮಂಗಳವಾರ, 11-11-2025

ಸೌಭಾಗ್ಯವತಿ ಶಿವಗಂಗಾಳಿಗೆ, ನಿನ್ನ ಮನೆಯವರು ಮನಸಾರೆ ಮಾಡುವ ಆಶೀರ್ವಾದ.

ಉಸಿರು ಹೇಗಿದೆ? ಮಲಗುವಾಗ ಎರಡು ದಿಂಬು ಸಾಕಾಗುತ್ತಿದೆಯೋ, ಮೂರು ಬೇಕೋ? ಕಾಲಿನ ಬಾವು ಇಳಿಯಿತೇ? ಉಪ್ಪಿನಕಾಯಿ ಮುಟ್ಟಬೇಡ ಎಂದು ಡಾಕ್ಟರು ಹೇಳಿದ್ದಾರೆ. ಮಗಳ ಮನೆಯಲ್ಲಿ ಕೇಳುವವರಿಲ್ಲವೆಂದು ತಟ್ಟೆಯ ಅಂಚಿಗೆ ಬಡಿಸಿಕೊಳ್ಳುತ್ತೀಯೆಂದು ನನಗೆ ಗೊತ್ತು, ರಮ್ಯಶ್ರೀಗೆ ಕಣ್ಣಿಡಲು ಹೇಳಿದ್ದೇನೆ. ನಾನು ಚೆನ್ನಾಗಿದ್ದೇನೆ. ಮುದ್ದೆ ಗಂಟು ಕಟ್ಟುತ್ತದೆ, ಆದರೂ ಹೊಟ್ಟೆಗೆ ಹೋಗುತ್ತದೆ. ನಿನ್ನ ಬೆಕ್ಕು ನನ್ನನ್ನು ಇನ್ನೂ ಬಾಡಿಗೆಗೆ ಬಂದವನಂತೆ ನೋಡುತ್ತದೆ. ಫೋನಿನಲ್ಲಿ ಹೇಳೋಣವೆಂದರೆ ನೀನು "ಉಂಡ್ರಾ? ಆತು, ಇಡ್ತೀನಿ" ಎನ್ನುವಷ್ಟರಲ್ಲಿ ಮಾತೇ ಮುಗಿದಿರುತ್ತದೆ. ಅದಕ್ಕೇ ಈ ಕಾಗದ. ಅಳಿಯ ಮಾಲತೇಶ್ ಮೆಕ್ಕೆಜೋಳದ ಲಾರಿಯ ಜೊತೆ ಇಲ್ಲಿಗೆ ಬಂದಿದ್ದಾರೆ, ಜಗಳೂರಿಗೆ ವಾಪಸ್ ಹೋಗುವಾಗ ಅವರ ಕೈಯಲ್ಲೇ ಕಳಿಸುತ್ತೇನೆ. ಮೇಘಶ್ರೀ ಓದಿ ಹೇಳಲಿ. ಮೊಮ್ಮಗಳೇ, ಅಕ್ಷರ ನುಂಗದೆ ಓದು. ನಿನ್ನಜ್ಜ ಶಾಲೆಗೆ ಹೋದವನಲ್ಲ, ಹೊಲಿಗೆಗೆ ಬಟ್ಟೆ ಸುತ್ತಿಕೊಂಡು ಬರುತ್ತಿದ್ದ ಹಳೇ ಪೇಪರಿನಲ್ಲಿ ಓದು ಕಲಿತವನು. ತಪ್ಪಿದ್ದರೆ ನಗಬೇಡ.

ಆಸ್ಪತ್ರೆಯ ಸುದ್ದಿ ಕೇಳು. ಶುಕ್ರವಾರ ನಿನ್ನ ಸ್ಕ್ಯಾನಿಂಗ್ ಚಿತ್ರ, ರೇಷನ್ ಕಾರ್ಡು, ಇಬ್ಬರ ಆಧಾರು ಎಲ್ಲವನ್ನೂ ಒಂದು ಬಟ್ಟೆ ಅಂಗಡಿ ಕವರಿಗೆ ಹಾಕಿಕೊಂಡು ದಾವಣಗೆರೆಗೆ ಹೋದೆ. ಎದೆಯ ಕವಾಟವನ್ನು ಈ ತಿಂಗಳೊಳಗೆ ಬದಲಾಯಿಸಲೇಬೇಕು, ತಡ ಮಾಡಿದರೆ ತಾವು ಜವಾಬ್ದಾರರಲ್ಲ ಎಂದು ಡಾಕ್ಟರು ಮತ್ತೊಮ್ಮೆ ಹೇಳಿದರು. ಬರುವ ಸೋಮವಾರ ಹಾಸಿಗೆ ಕೊಡುತ್ತಾರೆ. ಬಿಪಿಎಲ್ ಕಾರ್ಡಿನವರಿಗೆ ಸರ್ಕಾರದ ಯೋಜನೆಯಲ್ಲೇ ಆಗುತ್ತದಂತೆ, ನಾವು ಕೈಯಿಂದ ಹಾಕುವಂಥದ್ದಿಲ್ಲ. ಇಷ್ಟು ಕೇಳಿ, ಒಂದು ಚಹಾ ಕುಡಿಯುವಷ್ಟು ಸಮಾಧಾನವಾಯಿತು. ಆ ಚಹಾ ಆರುವ ಮೊದಲೇ, ಯೋಜನೆಯ ಕಾಗದಪತ್ರ ನೋಡುವ ಪೂಜಾ ಎಂಬ ಹೆಣ್ಣುಮಗಳು ಕೂಗಿದಳು. "ಅಜ್ಜಾರೆ, ಈ ಯಜಮಾನಪ್ಪ ಯಾರು?"

ನಮ್ಮ ಪೈಕಿ ಆ ಹೆಸರಿನವರು ಯಾರೂ ಇಲ್ಲಮ್ಮ ಎಂದೆ. "ಪೈಕಿ ಅಲ್ಲ ಅಜ್ಜಾ, ಅಜ್ಜಿ ಗಂಡ! ಆಧಾರಿನಾಗೆ ಗಂಡನ ಹೆಸರು ಯಜಮಾನಪ್ಪ ಅಂತ ಐತೆ, ರೇಷನ್ ಕಾರ್ಡಿನಾಗೆ ಕೊಟ್ರಬಸಪ್ಪ ಅಂತ ಐತೆ. ತಾಳೆ ಆಗ್ತಿಲ್ಲ." ಗಂಡ ನಾನೇ ಎಂದೆ. "ನೀವು ಯಜಮಾನಪ್ಪನಾ?" ಅಲ್ಲ, ಕೊಟ್ರಬಸಪ್ಪ. "ಹಂಗಾದ್ರೆ ಯಜಮಾನಪ್ಪ ಎಲ್ಲದಾರೆ? ತೀರ್ಕಂಡಿದ್ರೆ ಮರಣಪತ್ರ ತರ್ರಿ." ನನ್ನ ಹಿಂದೆ ನಿಂತಿದ್ದವನೊಬ್ಬ "ಮೊದ್ಲನೇ ಗಂಡ ಇರ್ಬೇಕು ಬಿಡ್ರಿ" ಎಂದ. ಸಾಲಿಗೆ ಸಾಲೇ ನಕ್ಕಿತು. ನಲವತ್ತೆರಡು ವರ್ಷ ನಿನ್ನ ಜೊತೆ ಸಂಸಾರ ಮಾಡಿದವನು, ಕಂಪ್ಯೂಟರಿನ ಕಣ್ಣಿಗೆ ಪರಪುರುಷನಾಗಿಬಿಟ್ಟೆ. ಆ ಹುಡುಗಿ ಮಾತ್ರ ಒಳ್ಳೆಯವಳು. ಆಧಾರ್ ತಿದ್ದಿಸಲು ಕೊಟ್ಟ ರಸೀದಿ ತಂದರೂ ಸಾಕು, ಸೋಮವಾರ ಸೇರಿಸಿಕೊಳ್ಳುವ ಹಾಗೆ ನೋಡುತ್ತೇನೆ ಎಂದಳು.

ಈ ಯಜಮಾನಪ್ಪ ಎಲ್ಲಿಂದ ಹುಟ್ಟಿದ ಎಂಬುದು ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಶಾಲೆಯಲ್ಲಿ ಆಧಾರ್ ಮಾಡಿಕೊಟ್ಟ ವರ್ಷ ನನಗೆ ಮದುವೆ ಸೀಸನ್, ಹೊಲಿಗೆ ಮಿಷನ್ ಬಿಟ್ಟು ಏಳುವಂತಿರಲಿಲ್ಲ. ನೀನು ಅಡಿಕೆ ಸುಲಿಯುವ ಹೆಂಗಸರ ಜೊತೆ ಹೋದೆ. ಗಂಡನ ಹೆಸರೇನಮ್ಮ ಎಂದು ಕೇಳಿದ್ದಾರೆ. "ಯಜಮಾನ್ರು" ಎಂದು ತಲೆ ತಗ್ಗಿಸಿದ್ದೀಯ. ಅವರು ಮತ್ತೆ ಕೇಳಿದ್ದಾರೆ. ನೀನು ಸಿಟ್ಟಿನಿಂದ "ಯಜಮಾನ್ರಪ್ಪಾ!" ಎಂದಿದ್ದೀಯ. ಕಂಪ್ಯೂಟರಿನವನು ಪಾಪ, ಅದನ್ನೇ ಒತ್ತಿದ್ದಾನೆ. ಇಷ್ಟು ವರ್ಷ ನಾವಿಬ್ಬರೂ ಆ ಕಾರ್ಡನ್ನು ಟ್ರಂಕಿನಿಂದ ತೆಗೆದು ಒಮ್ಮೆಯಾದರೂ ಓದಿದೆವೇ? ಅದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಶಿವಗಂಗಾ, ನಿನ್ನ ಹಟಕ್ಕೂ ಒಂದು ಮಿತಿ ಬೇಡವೇ? ನನ್ನ ಹೆಸರಿನ ಸೋಂಕು ಇದೆಯೆಂದು ಕೊಟ್ಟೂರಿಗೂ ನೀನು ಕೊಟ್ಟೂರು ಎನ್ನುವುದಿಲ್ಲ. ಜಗಳೂರು ಬಸ್‌ಸ್ಟ್ಯಾಂಡಿನಲ್ಲಿ "ಆ ಸ್ವಾಮಿ ಊರಿಗೆ ಹೋಗ್ತತಾ?" ಎಂದು ಕೇಳಿ, ಕಂಡಕ್ಟರು ಬೇರೆ ಸ್ವಾಮಿ ಎಂದುಕೊಂಡು ನಾಯಕನಹಟ್ಟಿಯಲ್ಲಿ ಇಳಿಸಿದ್ದು ಮರೆತೆಯಾ?

ಶನಿವಾರ ತಿದ್ದಿಸಲು ಹೊರಟವನು ಹಳೆಯ ಅಭ್ಯಾಸದಲ್ಲಿ ಹೊನ್ನಾಳಿ ಬಸ್ಸು ಹತ್ತಿದೆ. ನಮ್ಮ ನ್ಯಾಮತಿಯೇ ಈಗ ತಾಲೂಕು ಎಂಬುದು ಅಲ್ಲಿ ಇಳಿದ ಮೇಲೆ ನೆನಪಾಯಿತು. ಅಷ್ಟು ದೂರ ಹೋಗಿ ಒಂದು ಪ್ಲೇಟು ಮಂಡಕ್ಕಿ ತಿಂದು ಬಂದೆ. ಇಲ್ಲಿನ ಆಧಾರ್ ಕೇಂದ್ರದಲ್ಲಿ ವಿಚಾರಿಸಿದರೆ, ರೇಷನ್ ಕಾರ್ಡು ಸರಿಯಾಗಿದೆ, ತಪ್ಪಿರುವುದು ಆಧಾರಿನಲ್ಲಿ, ಅದಕ್ಕೆ ಅಜ್ಜಿಯೇ ಖುದ್ದಾಗಿ ಕೂರಬೇಕು, ಜಗಳೂರಿನಲ್ಲೇ ಮಾಡಿಸಿ ಎಂದರು. ಇಷ್ಟರಲ್ಲಿ ಸುದ್ದಿ ಬಸ್‌ಸ್ಟ್ಯಾಂಡಿಗೆಲ್ಲ ಹಬ್ಬಿದೆ. ನನ್ನ ಅಂಗಡಿ ಪಕ್ಕದಲ್ಲಿ ಅಂಗಿಗಳಿಗೆ ಕಾಜಾ ಹಾಕುವ ದಾವೂದ್ ಬೆಳಿಗ್ಗೆ ಬೆಳಿಗ್ಗೆ ಶುರು ಮಾಡುತ್ತಾನೆ. "ಯಜಮಾನಪ್ಪಾರೆ, ಚಾ ಹೇಳ್ಲಾ? ಕೊಟ್ರಬಸಣ್ಣಂಗೂ ಒಂದು ಹೇಳ್ಲಾ?"

ಇದನ್ನೆಲ್ಲ ಸಹಿಸಿಕೊಂಡೆ. ಸಹಿಸಲಾಗದ್ದು ನಿನ್ನೆಯದು. ರಮ್ಯಶ್ರೀ ಫೋನಿನಲ್ಲಿ ಅಳುತ್ತಾ ಎಲ್ಲ ಹೇಳಿದಳು. ಜಗಳೂರಿನ ಆಧಾರ್ ಕೇಂದ್ರದಲ್ಲಿ ಬೆಳಿಗ್ಗೆಯಿಂದ ಸರದಿಯಲ್ಲಿ ಕೂತು, ನಾಲ್ಕು ಮೆಟ್ಟಿಲು ಹತ್ತಲು ನಾಲ್ಕು ಸಲ ನಿಂತು ಉಸಿರೆಳೆದುಕೊಂಡು, ಅಷ್ಟೆಲ್ಲ ಮಾಡಿ ಕುರ್ಚಿಯ ಮೇಲೆ ಕೂತೆಯಂತೆ. ಮಗಳು ಹೆಸರು ಹೇಳಲು ಬಾಯಿ ತೆರೆದರೆ ಅಲ್ಲಿಯವರು "ನೀವು ಹೇಳ್ಬ್ಯಾಡ್ರಿ ಅಕ್ಕಾರೆ, ಎರಡೆರಡು ಹೆಸರೈತೆ, ಅಮ್ಮಾರ ಬಾಯಿಂದಾನೇ ಬರ್ಲಿ" ಎಂದರಂತೆ. ನೀನು "ಕಾರ್ಡಿನಾಗೆ ಬರ್ದೈತಲ್ಲ, ನಿಮಗೆ ಓದಾಕೆ ಬರಲ್ವಾ?" ಎಂದು ಸೆರಗು ಹೊದ್ದು ಎದ್ದು ಬಂದೆಯಂತೆ! ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯುತ್ತಿಲ್ಲ. ಬಡವರಿಗೆಂದು ಇಷ್ಟು ದೊಡ್ಡ ಯೋಜನೆ ಮಾಡಿದವರು, ಗಂಡನ ಹೆಸರು ಬಾಯಲ್ಲಿ ತಾರದ ಹೆಂಗಸರು ಊರಿಗೆ ನೂರು ಜನ ಇದ್ದಾರೆಂದು ಒಂದು ಕ್ಷಣವಾದರೂ ಯೋಚಿಸಬೇಡವೇ? ನೀನಾದರೂ, ನಿನ್ನ ಎದೆ ಹೇಗೆ ಬಡಿಯುತ್ತಿದೆಯೆಂದು ಒಂದು ಕ್ಷಣ ಯೋಚಿಸಬೇಡವೇ?

ಇರಲಿ, ಬೈದಿದ್ದು ಮನಸ್ಸಿಗೆ ಹಚ್ಚಿಕೊಳ್ಳಬೇಡ, ಹಚ್ಚಿಕೊಂಡರೆ ಅದಕ್ಕೂ ಉಸಿರು ಕಟ್ಟುತ್ತದೆ. ಮಾತ್ರೆ ತಪ್ಪಿಸಬೇಡ. ಮಗಳಿಗೆ, ಮೊಮ್ಮಗಳಿಗೆ ನನ್ನ ಹರಕೆ. ಬೀಗಿತಿಯವರಿಗೆ ಶರಣು ತಿಳಿಸು.

ನಿನ್ನ ಮನೆಯವರು

ಮರೆತಿದ್ದೆ: ಮಾಲತೇಶ್ ಹೊರಗೆ ಹಾರನ್ ಒತ್ತುತ್ತಿದ್ದಾರೆ, ಬೇಗ ಬರೆಯುತ್ತೇನೆ. ಮೇಘಶ್ರೀ, ಇದನ್ನು ಅಜ್ಜಿಯ ಕಿವಿಯಲ್ಲಿ ಓದು. ಶಿವಗಂಗಾ, ಗುರುವಾರ ಮತ್ತೆ ಹೋಗು, ನನ್ನ ಹೆಸರು ಹೇಳಿಬಿಡು. ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆಂದು ನಿನ್ನಜ್ಜಿ ಹೇಳಿಕೊಟ್ಟಿದ್ದು ನನಗೆ ಗೊತ್ತು. ಆಗಲಿ. ನನಗೆ ಅರವತ್ತೊಂಬತ್ತು ತುಂಬಿತು, ಹೋಗುವಷ್ಟು ಹೋಗಲಿ. ನೀನಿಲ್ಲದ ಆಯಸ್ಸನ್ನು ಕಟ್ಟಿಕೊಂಡು ನಾನೇನು ಮಾಡಲಿ? ಮದುವೆಯ ದಿನ ಗಂಡನ ಹೆಸರು ಹೇಳೆಂದು ಹೊಸ್ತಿಲಲ್ಲಿ ಹೆಂಗಸರು ಅಡ್ಡ ನಿಂತಾಗ ಒಂದೇ ಒಂದು ಸಲ ಹೇಳಿದ್ದೆಯಂತೆ. ಓಲಗದ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ. ಗುರುವಾರ ಮೊದಲ ಬಸ್ಸಿಗೇ ಬರುತ್ತೇನೆ. ನಿನಗೆ ನಾಚಿಕೆಯಾದರೆ ಒಳಗೆ ಬರುವುದಿಲ್ಲ, ಬಾಗಿಲ ಆಚೆ ನಿಂತಿರುತ್ತೇನೆ. ಬಾಗಿಲು ಮಾತ್ರ ಪೂರ್ತಿ ಹಾಕಿಸಬೇಡ.