ಒದ್ದೆಯಾಗದ ಬಟ್ಟೆ

೧೨-೩-೬೩, ಬೆಳಿಗ್ಗೆ

ಅಪ್ಪನ ಹಳೆ ಪಂಚೆ ಹರಿದು ಮಾಡಿದ ಬಟ್ಟೆ. ಅಂಚಿನ ಹಸಿರು ಗೆರೆ ಇನ್ನೂ ಮಾಸಿಲ್ಲ. ಅದರ ಮೇಲೆ ಮಗಳ ಮೊದಲ ಕಕ್ಕ — ಡಾಮರಿನಂತೆ ಕಪ್ಪು, ಅಂಟು. ಹೆದರಿದೆ.

ಅಮ್ಮ ನಕ್ಕಳು. "ಹೊಟ್ಟೆಯೊಳಗಿನ ಹಳೆ ಕೊಳೆ ಮಾರಾಯ್ತಿ. ಎರಡು ದಿನದಲ್ಲಿ ಹಸಿರು, ಮತ್ತೆ ಅರಸಿನ ಬಣ್ಣ."

"ಬಿ.ಎ.ಯಲ್ಲಿ ಇದೊಂದು ಹೇಳಿಕೊಡ್ಲಿಲ್ವಾ?" — ನೀಲಾವತಿ ಅತ್ತಿಗೆ.

ಎದೆಯಲ್ಲಿ ದಪ್ಪಗೆ ಹಳದಿ ಹಾಲು. ಹಿಂಡಿಸಿ ಬಾಳೆಯ ಬುಡಕ್ಕೆ ಚೆಲ್ಲಿದರು. ಮೊದಲ ಹಾಲು ಕೆಟ್ಟದ್ದಂತೆ. ಬಿಳಿ ಹಾಲು ಬರುವವರೆಗೆ ಕಲ್ಲುಸಕ್ಕರೆ ನೀರು, ಬಟ್ಟೆಯ ಬತ್ತಿ ಅದ್ದಿ ಬಾಯಿಗೆ. ಬೇಡ ಅನ್ನಬೇಕೆಂದಿದ್ದೆ... ಅನ್ನಲಿಲ್ಲ.

೧೩-೩-೬೩

ಮಗಳು ಅಳುವುದೇ ಇಲ್ಲ. ಹಗ್ಗದ ಮೇಲೆ ಒಂದೇ ಬಟ್ಟೆ.

"ಬಂಗಾರದಂಥ ಮಗು. ಬಟ್ಟೆ ಹಾಳು ಮಾಡುದಿಲ್ಲ" — ನೋಡಲು ಬಂದವರಿಗೆಲ್ಲ ಅಮ್ಮ ಹೇಳುತ್ತಾಳೆ.

"ನನ್ನ ಮಗ ಮಾವನ ಪಂಚೆ ಅಷ್ಟನ್ನೂ ಮುಗಿಸಿದ್ದ," ಎಂದರು ಅತ್ತಿಗೆ.

ನನಗೂ ಹೆಮ್ಮೆಯಾಯಿತು.

೧೫-೩-೬೩, ಮಧ್ಯಾಹ್ನ

ಹಸಿರು ಬರಲಿಲ್ಲ. ಅರಸಿನವೂ ಇಲ್ಲ. ಬಟ್ಟೆಯಲ್ಲಿ ಒಂದು ಕಲೆ ಮಾತ್ರ — ಹಂಚಿನ ಪುಡಿ ಉದುರಿದ ಹಾಗೆ, ಕೆಂಪು. ಮುಟ್ಟಿದರೆ ಪಸೆಯೇ ಇಲ್ಲ. ತುಟಿ ಒಣಗಿದೆ. ಎತ್ತಿದರೆ ಕೈ ಜೋತು ಬೀಳುತ್ತದೆ.

ಅಮ್ಮನಿಗೆ ತೋರಿಸಿದೆ. "ಉಷ್ಣ," ಎಂದಳು.

ಸುಳ್ಯದ ಡಾಕ್ಟರಿಗೆ ತೋರಿಸುವ ಎಂದೆ. "ಅಮೆ ಕಳೆಯದೆ, ಹೆತ್ತ ಮೈಲಿಗೆಯಲ್ಲಿ ಹೊಸ್ತಿಲು ದಾಟುದಾ?" — ಅಮ್ಮ. ಇವರು ಸಂಪಾಜೆಯಲ್ಲಿ, ತಮ್ಮ ಮನೆಯಲ್ಲಿ. ಇವರು ಬರುವುದೂ ಅಮೆ ಕಳೆದ ಮೇಲೆಯೇ.

"ಹಾಲು ಕೊಡಲಾ?" ಎರಡು ಸಲ ಕೇಳಬೇಕಾಯಿತು.

"ಶುಕ್ರವಾರ ಬೇಡ. ನಾಳೆ ಶನಿವಾರ. ಆದಿತ್ಯವಾರ ಕೊಡುವ. ನಿನಗೂ ಹಾಗೇ ಮಾಡಿದ್ದು. ನೀನೂ ಇಷ್ಟೇ ಪಾಪ, ಸ್ವರವೇ ಇಲ್ಲ. ಬದುಕಿಲ್ವಾ?"

ಬದುಕಿದ್ದೇನೆ. ಬಾಯಾರಿದ್ದನ್ನು ಹೇಳದೆ ಬದುಕುವುದನ್ನು ಎಷ್ಟು ಬೇಗ ಕಲಿಸಿಬಿಟ್ಟರು. ಊರು ಅದನ್ನೇ ಒಳ್ಳೆಯ ಗುಣ ಎಂದಿತು...

ಸಂಜೆ

ಹಟ್ಟಿಯಲ್ಲಿ ದನ ಕರು ಹಾಕಿದೆ. ಎಲ್ಲರೂ ಅಲ್ಲೇ. ಅಮ್ಮನ ಸ್ವರ ಕೋಣೆಯವರೆಗೆ ಕೇಳುತ್ತದೆ — "ಮೊದಲು ಕರುವಿಗೆ ಬಿಡು ನೀಲಾ. ಗಿಣ್ಣು ಹಾಲು ಹೋಗದಿದ್ರೆ ಅದು ಉಳಿಯುದಿಲ್ಲ."

ನಗು ಬಂತು. ಕೆಟ್ಟ ನಗು.

ಚಿಲಕ ಹಾಕಿದೆ. ಮಗಳು ತೊಡೆಯ ಮೇಲಿದ್ದಾಳೆ. ಇನ್ನು ಯಾರನ್ನೂ ಕೇಳುವುದಿಲ್ಲ. ಈಗಲೇ ಕೊಡುತ್ತೇನೆ. ಅಮ್ಮ ಬಡಿದರೂ ತೆರೆಯುವುದಿಲ್ಲ, ಇವಳು ಕುಡಿದು ಮುಗಿಸುವವರೆಗೆ —